ಐದನೇ ಮೆಟ್ಟಿಲು, ಉದ್ದನೆಯ ನಾಯಿ

ನಾನು ಮೂವತ್ತು ವರ್ಷ ರೇಷ್ಮೆ ಹುಳುವಿನ ಚಾಕರಿ ಮಾಡಿದವನು. ಸಂಬಳ ಕೊಟ್ಟಿದ್ದು ಸರ್ಕಾರ, ದುಡಿಸಿಕೊಂಡಿದ್ದು ಹುಳು. ಮನೆ ಕೊಳ್ಳೇಗಾಲದಲ್ಲಿ, ಕೆಲಸ ಹನೂರು, ಮಾರ್ಟಳ್ಳಿ, ಹೂಗ್ಯಂ ಕಡೆಯ ಹುಳುಮನೆಗಳಲ್ಲಿ. ಬೈಕಿನಲ್ಲಿ ಹೋಗಿ, ಹಿಪ್ಪುನೇರಳೆ ಸೊಪ್ಪು ಹೀಗೆ ಕತ್ತರಿಸಿ, ಸುಣ್ಣದ ಪುಡಿ ಹಾಗೆ ಎರಚಿ ಎಂದು ನನ್ನ ಅಪ್ಪನ ವಯಸ್ಸಿನವರಿಗೆ ಬುದ್ಧಿ ಹೇಳಿ ಬರುತ್ತಿದ್ದೆ. ಅವರು ನನ್ನನ್ನು ‘ಉಳದ ಮೇಷ್ಟ್ರು’ ಎನ್ನುತ್ತಿದ್ದರು. ಎದುರಿಗೆ ತಲೆಯಾಡಿಸಿ, ನಾನು ಬೈಕ್ ಹತ್ತಿದ ಮೇಲೆ ತಮ್ಮಿಷ್ಟದಂತೆ ಮಾಡುತ್ತಿದ್ದರು.

ಒಂದು ಪಾಠಕ್ಕೆ ಮಾತ್ರ ಯಾರೂ ಎದುರಾಡುತ್ತಿರಲಿಲ್ಲ, ಯಾಕೆಂದರೆ ಅದು ನನಗಿಂತ ಮೊದಲೇ ಅವರಿಗೆ ಗೊತ್ತಿತ್ತು. ರೇಷ್ಮೆ ಹುಳು ಗೂಡು ಕಟ್ಟುವುದರೊಳಗೆ ನಾಲ್ಕು ಸಲ ಪೊರೆ ಬಿಡುತ್ತದೆ. ಪೊರೆ ಬಿಡಲು ಕೂತಾಗ ತಲೆ ಎತ್ತಿಕೊಂಡು ಅಲ್ಲಾಡದೆ ಇರುತ್ತದೆ, ಸೊಪ್ಪು ಮೂಸುವುದಿಲ್ಲ. ತಿಳಿಯದವರು ನೋಡಿದರೆ ಕಾಯಿಲೆ ಅಂದುಕೊಳ್ಳಬೇಕು. ಆಗ ಅದನ್ನು ಮುಟ್ಟಬಾರದು, ತಿನ್ನಿಸಲು ಹೋಗಬಾರದು, ಹತ್ತಿರ ಗಲಾಟೆ ಮಾಡಬಾರದು. ಒಂದು ದಿನ ಸುಮ್ಮನೆ ಬಿಟ್ಟರೆ ತಾನಾಗಿ ಏಳುತ್ತದೆ. ಇದನ್ನು ನಾನು ಎಷ್ಟು ಸಲ ಹೇಳಿದ್ದೇನೆಂದರೆ, ಕಡೆಗೆ ನನ್ನ ಬುದ್ಧಿಯೇ ಹಾಗಾಗಿ ಹೋಯಿತು. ಹುಳುವಿನ ಮಟ್ಟಿಗೆ ಈ ಮಾತು ನೂರಕ್ಕೆ ನೂರು ಸರಿ. ಎಡವಟ್ಟಾಗಿದ್ದು ನಾಯಿಯ ವಿಷಯದಲ್ಲಿ.

ನಾಯಿ ಬಂದಿದ್ದು ನಾನು ನಿವೃತ್ತನಾದ ವರ್ಷ. ಹೆಂಡತಿ ಯಳಂದೂರಿನ ಹೈಸ್ಕೂಲಿನಲ್ಲಿ ವಿಜ್ಞಾನದ ಟೀಚರ್, ದಿನಾ ಬಸ್ಸಿನಲ್ಲಿ ಓಡಾಟ. ಅವಳ ಜೊತೆಯ ಟೀಚರೊಬ್ಬರಿಗೆ ದೂರದ ಊರಿಗೆ ವರ್ಗವಾಯಿತು, ಅಲ್ಲಿ ಬಾಡಿಗೆ ಮನೆಯವರು ನಾಯಿ ಬೇಡವೆಂದರಂತೆ. ಒಂದು ಸಂಜೆ ನಮ್ಮವಳು ಬಸ್ಸಿನಿಂದ ಇಳಿದಾಗ ಕೈಯಲ್ಲಿ ಒಂದು ಬೆತ್ತದ ಬುಟ್ಟಿ. ಬುಟ್ಟಿಯ ಈ ಕಡೆ ಮೂತಿ, ಆ ಕಡೆ ಬಾಲ. ಡ್ಯಾಶ್‌ಹೌಂಡ್ ಎಂಬ ಜಾತಿ. ಬೆನ್ನನ್ನು ಒಂದೂವರೆ ನಾಯಿಗಾಗುವಷ್ಟು ಕೊಟ್ಟ ದೇವರು ಕಾಲಿನ ಹೊತ್ತಿಗೆ ಕೈ ಬಿಗಿ ಮಾಡಿದ್ದ. ಅದಕ್ಕೆ ನಾವು ಮೂವರೂ ಮೂರು ಹೆಸರಿಟ್ಟೆವು. ಅದು ಯಾವುದಕ್ಕೂ ಬರುತ್ತಿರಲಿಲ್ಲ, ಬಿಸ್ಕತ್ತಿನ ಡಬ್ಬಿಯ ಸದ್ದಿಗೆ ಬರುತ್ತಿತ್ತು. ಆದ್ದರಿಂದ ಇಲ್ಲಿಯೂ ನಾಯಿ ಎಂದೇ ಬರೆಯುತ್ತೇನೆ.

ಮೂರನೆಯವರು ನಮ್ಮ ಅತ್ತೆ, ಹೆಂಡತಿಯ ತಾಯಿ. ಯಳಂದೂರಿನ ಪಕ್ಕದ ಹಳ್ಳಿಯವರು, ಈಗ ನಮ್ಮ ಜೊತೆಗೇ ಇದ್ದಾರೆ. ನಲವತ್ತು ವರ್ಷ ಹುಳು ಸಾಕಿದ ಕೈ. ನನಗೆ ಪುಸ್ತಕದಿಂದ ಗೊತ್ತಿದ್ದದ್ದು ಅವರಿಗೆ ಬೆರಳಿನಿಂದ ಗೊತ್ತಿತ್ತು. ಬುಟ್ಟಿಯಿಂದ ಇಳಿದ ನಾಯಿಯನ್ನು ನೋಡಿ, ‘ಇದೇನವ್ವ, ಉಳಕ್ಕೆ ಕಾಲ್ ಬಂದಂಗದೆ’ ಎಂದು ಒಂದು ಗಂಟೆ ಆಡಿಕೊಂಡರು. ಎರಡನೇ ಗಂಟೆಗೆ ಅದು ಅವರ ಮಂಚದ ಮೇಲಿತ್ತು. ಅಂದಿನಿಂದ ಅವರ ಪಾದದ ಮೇಲೆ ಮಲಗುವುದು ಅದರ ನೌಕರಿ. ಎಷ್ಟೋ ವರ್ಷದಿಂದ ಜೋಮು ಹಿಡಿದ ಕಾಲಿಗೆ ಈಗ ನಿದ್ದೆ ಬರ್ತದೆ ಎಂದು ಅತ್ತೆ ಬೀದಿಗೆಲ್ಲ ಹೇಳಿಕೊಂಡು ಬಂದರು.

ನಮ್ಮ ಮನೆ ಇಂಥ ನಾಯಿಗೆ ಹೇಳಿ ಮಾಡಿಸಿದ ಅಪಾಯ. ಹಾಲಿನ ಮೂಲೆಯಿಂದ ಮೇಲಕ್ಕೆ ಮೆಟ್ಟಿಲು. ಕಂಬಿ ಆಮೇಲೆ ಹಾಕಿಸೋಣ ಎಂದುಕೊಂಡಿದ್ದೆವು. ಹನ್ನೆರಡು ವರ್ಷವಾದರೂ ಆ ಆಮೇಲೆ ಬಂದಿರಲಿಲ್ಲ. ನೆಲಕ್ಕೆ ಹೊಳೆಯುವ ಟೈಲ್ಸ್, ಒದ್ದೆ ಕಾಲಿಟ್ಟರೆ ಮನುಷ್ಯರೇ ಜಾರಬೇಕು. ಮೆಟ್ಟಿಲಿನ ಎದುರಿಗೆ ತೇಗದ ದಿವಾನ, ಅದರ ಅಂಚಿಗೆ ನನ್ನ ಮೊಣಕಾಲು ವಾರಕ್ಕೊಮ್ಮೆ ಬಡಿಯುತ್ತಿತ್ತು. ಒಳಕೋಣೆಯಲ್ಲಿ ಅತ್ತೆಯ ಕಬ್ಬಿಣದ ಮಂಚ. ಅವರಿಗೆ ಮಂಡಿನೋವು. ತಗ್ಗಿನಿಂದ ಏಳಲಾಗುವುದಿಲ್ಲವೆಂದು ಮಂಚದ ನಾಲ್ಕು ಕಾಲಿಗೂ ಮೂರು ಮೂರು ಇಟ್ಟಿಗೆ ಕೊಟ್ಟು ಎತ್ತರ ಮಾಡಿದ್ದೆವು. ನಾಯಿ ಟ್ರಂಕಿನ ಮೇಲಿಂದ ಆ ಮಂಚ ಹತ್ತುತ್ತಿತ್ತು, ಇಳಿಯುವಾಗ ನೇರ ಕೆಳಕ್ಕೆ ಹಾರುತ್ತಿತ್ತು.

ಹೆಂಡತಿ ಫೋನಿನಲ್ಲಿ ಓದಿ ಹೇಳಿದಳು. ‘ಈ ಜಾತಿ ನಾಯಿ ಮೆಟ್ಟಿಲು ಹತ್ತಬಾರದಂತೆ. ಮಂಚ, ಸೋಫಾದಿಂದ ಹಾರಬಾರದಂತೆ. ಬೆನ್ನು ಉದ್ದ ಅಲ್ವಾ, ಒಳಗಿನ ಮಣಿ ಜರುಗಿದರೆ ಹಿಂಗಾಲೇ ಹೋಗುತ್ತಂತೆ. ಮೆಟ್ಟಿಲಿಗೆ ಅಡ್ಡ ಏನಾದರೂ ಇಡಬೇಕು, ಮಂಚಕ್ಕೊಂದು ಇಳಿಜಾರು ಹಲಗೆ, ನೆಲಕ್ಕೆ ಚಾಪೆ.’

ನಾನು ನಕ್ಕೆ. ‘ಹೂಗ್ಯಂ ಕಡೆ ನಾಯಿಗಳು ಬಂಡೆಯಿಂದ ಬಂಡೆಗೆ ಹಾರ್ತವೆ. ಯಾವ ನಾಯಿಗೆ ಯಾರು ಹಲಗೆ ಇಟ್ಟವ್ರೆ?’

‘ಆ ನಾಯಿ ಕಾಲು ಎಷ್ಟುದ್ದ ಅಂತ ಅಳೆದುಕೊಂಡು ಬನ್ನಿ, ಆಮೇಲೆ ಮಾತಾಡಿ’ ಎಂದಳು. ಟೀಚರನ್ನು ಮದುವೆಯಾದವನಿಗೆ ಉತ್ತರ ಪತ್ರಿಕೆ ಯಾವತ್ತೂ ಕೆಂಪು ಶಾಯಿಯಲ್ಲೇ ವಾಪಸ್ಸು ಬರುತ್ತದೆ.

ಈಗ ನನ್ನ ಘನಕಾರ್ಯಕ್ಕೆ ಬರುತ್ತೇನೆ. ಮೂವತ್ತು ವರ್ಷ ಪಾಠ ಹೇಳಿದ ಬಾಯಿಗೆ ನಿವೃತ್ತಿ ಅನ್ನುವುದು ತಿಳಿಯುವುದಿಲ್ಲ. ಹೆಂಡತಿ ಬಸ್ಸು ಹತ್ತಿ ಹೋದ ಮೇಲೆ, ಅತ್ತೆ ಹಿತ್ತಲಲ್ಲಿ ಕೂತು ಅವರೆಕಾಯಿ ಬಿಡಿಸುವಾಗ, ನಾನು ನಾಯಿಗೆ ಪಾಠ ಶುರು ಮಾಡಿದೆ. ಮೊದಲನೇ ಮೆಟ್ಟಿಲಿನಿಂದ ದಿವಾನಕ್ಕೆ ಹಾರಬೇಕು, ಹಾರಿದರೆ ಬಿಸ್ಕತ್ತು. ಹಾರಿತು. ವಾರ ಕಳೆದ ಮೇಲೆ ಎರಡನೇ ಮೆಟ್ಟಿಲು. ಆಮೇಲೆ ಮೂರನೆಯದು. ನನ್ನ ಸರ್ವಿಸ್ಸಿನಲ್ಲೇ ಇಷ್ಟು ಚೆನ್ನಾಗಿ ಮಾತು ಕೇಳಿದ ವಿದ್ಯಾರ್ಥಿ ಇರಲಿಲ್ಲ. ಮನೆಗೆ ಯಾರೇ ಬರಲಿ, ಹೆಂಡತಿ ಇಲ್ಲದಿದ್ದರೆ, ಕಾಫಿಗಿಂತ ಮೊದಲು ಈ ಪ್ರದರ್ಶನ.

ಅವತ್ತು ಬಂದವನು ಹೂಗ್ಯಂನ ರೈತ, ನನ್ನ ಹಳೆಯ ಶಿಷ್ಯರಲ್ಲಿ ಒಬ್ಬ. ಕೊಳ್ಳೇಗಾಲದ ಮಾರುಕಟ್ಟೆಗೆ ಗೂಡು ಹಾಕಿ, ಒಂದು ಚೀಲ ಕಡಲೆಕಾಯಿ ಹಿಡಿದು ನನ್ನನ್ನು ಮಾತಾಡಿಸಿಕೊಂಡು ಹೋಗಲು ಬಂದಿದ್ದ. ಅತ್ತೆ ಸ್ನಾನಕ್ಕೆ ಹೋಗಿದ್ದರು. ನಾಯಿ ಮೂರನೇ ಮೆಟ್ಟಿಲಿನಿಂದ ದಿವಾನಕ್ಕೆ ಹಾರಿತು. ಅವನು ಮುಖ ಒಂದಿಷ್ಟೂ ಅಲುಗಿಸದೆ, ‘ನಮ್ಮಟ್ಟೀಲಿ ಕುರಿಮರಿ ಇದಕ್ಕಿಂತ ಮೇಲಿಂದ ಆರ್ತವೆ ಕಣ್ಸಾ’ ಎಂದ.

ಕುರಿಮರಿಯ ಹೆಸರೆತ್ತಿದ್ದು ನನ್ನ ತಲೆಗೆ ಏರಿತು. ನಾಯಿಯನ್ನು ಎತ್ತಿ ಐದನೇ ಮೆಟ್ಟಿಲಿನ ಮೇಲೆ ಬಿಟ್ಟೆ. ಮೆಟ್ಟಿಲು ಮೇಲಕ್ಕೆ ಹೋದಂತೆ ದಿವಾನದಿಂದ ದೂರವೂ ಹೋಗುತ್ತದೆ. ಒಂದನೇ ತರಗತಿಯ ಮಕ್ಕಳಿಗೂ ಹೊಳೆಯುವ ಈ ಸಂಗತಿ ನನಗೆ ಹೊಳೆಯಲಿಲ್ಲ. ನಾಯಿಗೆ ಹೊಳೆದಿತ್ತು. ಅದು ಕೆಳಗೆ ನೋಡಿತು, ನನ್ನನ್ನು ನೋಡಿತು, ಒಂದು ಹೆಜ್ಜೆ ಹಿಂದಕ್ಕೆ ಇಟ್ಟಿತು. ನಾನು ಬಿಸ್ಕತ್ತಿನ ಡಬ್ಬಿ ಅಲ್ಲಾಡಿಸಿದೆ. ಅದು ಹಾರಿತು. ಮುಂಗಾಲು ದಿವಾನಕ್ಕೆ ಸಿಕ್ಕಿದವು, ಸೊಂಟ ಹೋಗಿ ತೇಗದ ಅಂಚಿಗೆ ಬಡಿಯಿತು. ಬಡಿದ ಸದ್ದು ಇವತ್ತಿಗೂ ನನ್ನ ಕಿವಿಯಲ್ಲಿದೆ. ಒಂದೇ ಸಲ ಕುಯ್ಯೆಂದು ಕೆಳಗೆ ಬಿತ್ತು. ಎದ್ದು ನಾಲ್ಕು ಹೆಜ್ಜೆ ಕುಂಟಿ ನಿಂತಿತು. ನಾನು ಕೊಟ್ಟ ಬಿಸ್ಕತ್ತನ್ನೂ ತಿಂದಿತು.

‘ಏನೂ ಆಗಿಲ್ಲ’ ಎಂದೆ.

ರೈತ ನಾಯಿಯನ್ನು ನೋಡಿ, ನನ್ನನ್ನು ನೋಡಿ, ‘ನೀವು ಓದಿರೋರು ಸಾ’ ಎಂದು ಚಪ್ಪಲಿ ಮೆಟ್ಟಿಕೊಂಡ.

ಸಂಜೆಯ ಹೊತ್ತಿಗೆ ನಾಯಿ ಅತ್ತೆಯ ಕೋಣೆಯ ಮೂಲೆಯಲ್ಲಿ ಬೆನ್ನು ಗೂನು ಮಾಡಿಕೊಂಡು, ತಲೆ ಎತ್ತಿ, ಅಲ್ಲಾಡದೆ ಕೂತಿತ್ತು. ಅನ್ನ ಮುಟ್ಟಲಿಲ್ಲ. ಡಬ್ಬಿ ಅಲ್ಲಾಡಿಸಿದರೂ ಬರಲಿಲ್ಲ. ಹೆಂಡತಿ ಗಾಬರಿಯಾದಳು. ಆಗ ನಾನು ಗಂಟಲು ಸರಿಮಾಡಿಕೊಂಡು, ‘ಯಾರೂ ಮುಟ್ಟಬೇಡಿ. ತಿನ್ನು ಅಂತ ಬಲವಂತ ಮಾಡಬೇಡಿ. ಸದ್ದು ಮಾಡದೆ ಬಿಟ್ಟರೆ ತಾನಾಗಿ ಏಳುತ್ತೆ’ ಎಂದೆ. ಅತ್ತೆಯೂ ಕೂತ ರೀತಿ ನೋಡಿ, ‘ಊಂ ಕಣವ್ವ, ಬುಟ್ಬುಡು, ಕೆಣಕ್ಬಾರ್ದು’ ಎಂದರು. ನಲವತ್ತು ವರ್ಷದ ಬೆರಳು ಮತ್ತು ಮೂವತ್ತು ವರ್ಷದ ಪುಸ್ತಕ ಎರಡೂ ಒಂದೇ ಮಾತು ಹೇಳಿದ ಮೇಲೆ ವಿಜ್ಞಾನದ ಟೀಚರ್ ಒಬ್ಬಳೇ ಏನು ಮಾಡುತ್ತಾಳೆ? ನಾವು ಕೋಣೆಯ ಕಿಟಕಿಗೆ ಪರದೆ ಎಳೆದೆವು. ಬಾಗಿಲಲ್ಲಿ ಪಿಸುಮಾತಾಡುತ್ತಾ ಓಡಾಡಿದೆವು. ಪೊರೆಗೆ ಕೂತ ಹುಳುವಿಗೆ ಮಾಡುವಂತೆ, ಮಲಗುವ ಜಾಗ ಒಣಗಿರಲಿ ಎಂದು ಅತ್ತೆ ನಾಯಿಯ ಸುತ್ತ ಒಂದು ಹಿಡಿ ಸುಣ್ಣದ ಪುಡಿಯನ್ನೂ ಉದುರಿಸಿದರು. ಹುಳುಮನೆಯಲ್ಲಿ ಹುಟ್ಟದವರಿಗೆ ಇದು ಹುಚ್ಚು ಅನ್ನಿಸಬಹುದು. ನಮಗೆ ಇದಕ್ಕಿಂತ ದೊಡ್ಡ ಆರೈಕೆ ಗೊತ್ತಿರಲಿಲ್ಲ.

ಅತ್ತೆ ನಂಬಿಕೊಂಡು ಹಾಗೆ ಮಾಡಿದರು. ನಾನು ಅರ್ಧ ನಂಬಿಕೆಯಿಂದ, ಅರ್ಧ ಹೆದರಿಕೆಯಿಂದ ಮಾಡಿದೆ. ಡಾಕ್ಟರ ಹತ್ತಿರ ಹೋದರೆ ಹೇಗಾಯಿತು ಎಂದು ಕೇಳುತ್ತಾರೆ ಎಂಬುದು ನನಗೆ ಚೆನ್ನಾಗಿ ಗೊತ್ತಿತ್ತು.

ಹೀಗೆ ಎರಡು ದಿನ ಹೋಯಿತು. ಮೂರನೇ ದಿನ ಶನಿವಾರ, ಹೆಂಡತಿ ಮಧ್ಯಾಹ್ನವೇ ಸ್ಕೂಲಿನಿಂದ ಬಂದಳು. ನಾಯಿ ನೀರಿನ ಬಟ್ಟಲಿನ ಕಡೆ ಹೋಗಲು ಎದ್ದು, ಹಿಂಭಾಗವನ್ನು ನೆಲದ ಮೇಲೆ ಎಳೆದುಕೊಂಡು ಬರುತ್ತಿತ್ತು. ಅವಳು ಬ್ಯಾಗು ಕೆಳಗಿಟ್ಟು, ‘ಇದು ಹುಳ ಅಲ್ಲ’ ಎಂದಳು. ಅಷ್ಟೇ. ಟವಲಿನಲ್ಲಿ ಸುತ್ತಿ ಎತ್ತಿಕೊಂಡು ಆಟೋ ಕರೆದಳು. ನಾನೂ ಅತ್ತೆಯೂ ಹಿಂದೆ ಹತ್ತಿದೆವು.

ಪೇಟೆಯಲ್ಲಿ ನೋಡುವ ಡಾಕ್ಟರಮ್ಮ ಹಸು, ಎಮ್ಮೆ, ಕುರಿಗಳಲ್ಲಿ ಪಳಗಿದವರು. ನಾಯಿ ಸೊಂಟ ಮುಟ್ಟಲು ಹೋದರೆ ಹಲ್ಲು ತೋರಿಸುತ್ತಿತ್ತು. ‘ಎಲ್ಲಿಂದ ಬಿತ್ತು? ಯಾವುದಕ್ಕಾದರೂ ಬಡಿದುಕೊಳ್ತಾ? ಸರಿಯಾಗಿ ಹೇಳಿ’ ಎಂದು ಕೇಳಿದರು.

ಹೆಂಡತಿ ನನ್ನ ಮುಖ ನೋಡಿದಳು. ಮೂವರಲ್ಲಿ ಮನೆಯಲ್ಲಿ ಸದಾ ಇರುವವರು ನಾನು ಮತ್ತು ಅತ್ತೆ. ನಾನು ಬಾಯಿ ತೆಗೆದಾಗ ಅದರೊಳಗೆ ನಿಜವೇ ಇತ್ತು. ಹೊರಗೆ ಬರುವಷ್ಟರಲ್ಲಿ ಅದು, ‘ಯಾರೂ ನೋಡಿಲ್ಲ ಡಾಕ್ಟರೇ. ಅತ್ತೆಯವರ ಮಂಚದಿಂದ ಹಾರಿರಬೇಕು. ಇಟ್ಟಿಗೆ ಕೊಟ್ಟು ಎತ್ತರ ಮಾಡಿದ್ದೇವೆ’ ಎಂದಾಯಿತು.

ಅತ್ತೆ ಸೆರಗು ಬಾಯಿಗೆ ಇಟ್ಟುಕೊಂಡರು.

ಡಾಕ್ಟರಮ್ಮ ತಲೆಯಾಡಿಸಿದರು. ಈ ಉದ್ದ ನಾಯಿಗಳದ್ದು ಇದೇ ಗೋಳು, ಬೆನ್ನಿನ ಮಣಿ ಎಂದರು. ಮಾತ್ರೆ ಕೊಟ್ಟರು. ಮೂರು ವಾರ ಕದಲದಂತೆ ಒಂದು ಕಡೆ ಕೂಡಿಹಾಕಬೇಕು, ಮೆಟ್ಟಿಲು, ಮಂಚ, ಸೋಫಾ ಯಾವುದರ ಹತ್ತಿರವೂ ಬಿಡಬಾರದು, ಮೂರು ವಾರದ ಮೇಲೆ ಹಿಂಗಾಲುಗಳನ್ನು ಹಿಡಿದು ಮಡಿಸಿ ಚಾಚಿಸಿ ವ್ಯಾಯಾಮ ಮಾಡಿಸಬೇಕು. ‘ಇನ್ನೊಂದು ಸಲ ಹಾರಿದರೆ ಈ ನಾಯಿ ಜೀವನಪೂರ್ತಿ ತೆವಳಬೇಕಾಗುತ್ತೆ’ ಎಂದರು.

ಮನೆಗೆ ಬಂದ ತಕ್ಷಣ ಅತ್ತೆ, ‘ಇಟ್ಗೆ ತಗೀರಿ’ ಎಂದರು. ಹೆಂಡತಿ ಬೇಡವೆಂದಳು. ಅವರು ಕೇಳಲಿಲ್ಲ. ನಾನು ಮಂಚ ಎತ್ತಿ ಹಿಡಿದೆ, ಹೆಂಡತಿ ಒಂದೊಂದಾಗಿ ಹನ್ನೆರಡು ಇಟ್ಟಿಗೆ ಎಳೆದಳು. ಆ ಮಂಚ ಅಷ್ಟೇನೂ ಭಾರವಿಲ್ಲ. ಅವತ್ತು ನನಗೆ ಬೆವರು ಬಂತು. ಅಂದಿನಿಂದ ಅತ್ತೆ ಬೆಳಿಗ್ಗೆ ಏಳಬೇಕಾದರೆ ಕಿಟಕಿಯ ಸರಳು ಹಿಡಿದು, ಮೂರು ಸಲ ಪ್ರಯತ್ನಪಟ್ಟು, ನಾಲ್ಕನೇ ಸಲಕ್ಕೆ ಏಳುತ್ತಿದ್ದರು. ನಾನು ಕೈ ಕೊಡಲು ಹೋದರೆ, ‘ಬ್ಯಾಡಿ ಅಳಿಮಯ್ಯ, ಮಾಡ್ಕಂಡಿದ್ದು ಉಣ್ಬೇಕು’ ಎನ್ನುತ್ತಿದ್ದರು.

ಕೂಡಿಹಾಕುವುದಕ್ಕೆ ಏನು ಮಾಡುವುದೆಂಬ ಪ್ರಶ್ನೆಗೆ ಉತ್ತರ ಹೂಗ್ಯಂನಿಂದಲೇ ಬಂತು. ಹಣ್ಣಾದ ಹುಳುಗಳನ್ನು ಗೂಡು ಕಟ್ಟಲು ಬಿಡುವ ಬಿದಿರಿನ ಚಂದ್ರಿಕೆ ಅಂತ ಇದೆ. ಆಳೆತ್ತರದ ಚಾಪೆಯ ಮೇಲೆ ಸುರುಳಿ ಸುರುಳಿಯಾಗಿ ಬಿದಿರಿನ ಪಟ್ಟಿ ಹೊಲಿದಿರುತ್ತಾರೆ. ಈಗೆಲ್ಲ ಪ್ಲಾಸ್ಟಿಕ್ಕಿನದ್ದು ಬಂದು, ಹಳೆಯ ಚಂದ್ರಿಕೆಗಳು ಎಲ್ಲರ ಅಟ್ಟದ ಮೇಲೆ ಧೂಳು ತಿನ್ನುತ್ತಿವೆ. ಹೆಂಡತಿಯೇ ಫೋನ್ ಮಾಡಿ ಕೇಳಿದಳು. ಯಾರಿಗೆ ಮಾಡಿದಳು ಅಂದರೆ, ನನ್ನ ಫೋನಿನಲ್ಲಿ ಕಡೆಗೆ ಮಾತಾಡಿದ್ದ ಅದೇ ಕುರಿಮರಿಯ ರೈತನಿಗೆ. ಅವನು ಮಾರನೇ ದಿನವೇ ಟೆಂಪೋದಲ್ಲಿ ಆರು ಚಂದ್ರಿಕೆ ಹಾಕಿಕೊಂಡು ಬಂದಿಳಿದ.

ಅವನು ಹಾಲಿನೊಳಗೆ ಬಂದು ಟವಲಿನ ಮೇಲೆ ಮಲಗಿದ್ದ ನಾಯಿಯನ್ನು ನೋಡಿದ. ಅತ್ತೆ ಅವನಿಗೆ ಕಾಫಿ ಕೊಟ್ಟು, ‘ನನ್ ಮಂಚದಿಂದ ಬಿದ್ಬುಡ್ತು ಕಣಪ್ಪ’ ಎಂದರು. ಅವನು ಲೋಟ ತುಟಿಗೆ ಇಟ್ಟವನು ಅಲ್ಲೇ ನಿಲ್ಲಿಸಿ ನನ್ನ ಕಡೆ ನೋಡಿದ. ನಾನು ಗೋಡೆಯ ಕ್ಯಾಲೆಂಡರ್ ನೋಡಿದೆ. ಅದರಲ್ಲಿ ನೋಡುವಂಥದ್ದೇನೂ ಇರಲಿಲ್ಲ. ಹೊರಡುವಾಗ ಗೇಟಿನ ಹತ್ತಿರ, ‘ನಂಗ್ಯಾಕ್ ಸಾ ನಿಮ್ಮನೆ ಸಮಾಚಾರ. ಆದ್ರೆ ಆ ಯಮ್ಮನ್ ಮಕ ನೋಡಕ್ಕಾಗ್ನಿಲ್ಲ’ ಎಂದ. ಆಗಲೇ ವಾಪಸ್ಸು ಹೋಗಿ ಹೇಳಿಬಿಡಬೇಕಿತ್ತು. ಹೇಳಲಿಲ್ಲ. ಟೆಂಪೋ ಹಿಂದಕ್ಕೆ ತೆಗೆಯಲು ಅವನಿಗೆ ಕೈಸನ್ನೆ ಮಾಡುತ್ತಾ ನಿಂತೆ.

ಮೂರು ಚಂದ್ರಿಕೆಗಳನ್ನು ಹಾಲಿನ ಮೂಲೆಯಲ್ಲಿ ಬೇಲಿಯಂತೆ ನಿಲ್ಲಿಸಿ ನಾಯಿಯನ್ನು ಒಳಗೆ ಬಿಟ್ಟೆವು. ಒಂದನ್ನು ಮೆಟ್ಟಿಲಿಗೆ ಅಡ್ಡ ಕಟ್ಟಿದೆವು. ನಮಗೆ ಮೇಲೆ ಹೋಗಬೇಕಾದರೆ ಪಕ್ಕಕ್ಕೆ ತಿರುಗಿ ನುಸುಳಬೇಕು, ನನ್ನ ಹೊಟ್ಟೆಗೆ ಅದು ದಿನಾ ಒಂದು ಪಾಠ. ಇನ್ನೊಂದನ್ನು ದಿವಾನದ ಮೇಲೆ ಮಲಗಿಸಿದೆವು, ನಾಯಿಯಷ್ಟೇ ಅಲ್ಲ, ಯಾರೂ ಅಲ್ಲಿ ಕೂರುವಂತಿಲ್ಲ. ಉಳಿದ ಒಂದಕ್ಕೆ ಗೋಣಿಚೀಲ ಸುತ್ತಿ ಮುಂದೆ ಇಳಿಜಾರು ಹಲಗೆಯಾಗಲಿ ಎಂದು ಇಟ್ಟೆವು. ಟೈಲ್ಸಿನ ಮೇಲೆಲ್ಲ ಗೋಣಿ ಹಾಸಿದೆವು. ನೋಡಲು ಬಂದವರು ಹುಳುಮನೆಗೆ ಹೋಗುವವರಂತೆ ಕಾಲು ತೊಳೆದೇ ಒಳಗೆ ಬರಬೇಕೆಂದು ಅತ್ತೆ ಕಟ್ಟಪ್ಪಣೆ ಮಾಡಿದರು. ಪಕ್ಕದ ಮನೆಯವರು ಕಾಲು ತೊಳೆದು ಬಂದು, ನಾಯಿಗೆ ಕೈಮುಗಿಯಬೇಕೋ ಬೇಡವೋ ತಿಳಿಯದೆ ನಿಂತಿದ್ದನ್ನು ನಾನೇ ಕಂಡಿದ್ದೇನೆ. ನಾಯಿ ಚಂದ್ರಿಕೆಯ ಸುರುಳಿಗಳನ್ನು ಕಚ್ಚಿ, ಮೂರು ವಾರದಲ್ಲಿ ಒಂದು ಮೂಲೆಯನ್ನು ಪುಡಿ ಮಾಡಿತು. ಅಷ್ಟು ಗೂಡು ಕೊಟ್ಟ ಚಂದ್ರಿಕೆ ಹೀಗೆ ನಾಯಿಯ ಹಲ್ಲಿಗೆ ಸಿಕ್ಕಿದ್ದು ನೋಡಿ ನಾನು ಮರುಗಲೂ ಇಲ್ಲ, ನನ್ನ ಮರುಕವೆಲ್ಲ ಬೇರೆ ಕಡೆ ಖರ್ಚಾಗುತ್ತಿತ್ತು.

ಮೂರು ವಾರವಾದ ಮೇಲೆ ವ್ಯಾಯಾಮ ಶುರುವಾಯಿತು. ಅತ್ತೆ ಅದನ್ನು ಯಾರಿಗೂ ಬಿಡಲಿಲ್ಲ. ಬೇಲಿಯೊಳಗೆ ನೆಲದ ಮೇಲೆ ಕೂತು, ಮಂಡಿ ನೋವಿನಲ್ಲೂ ಕಾಲು ನೀಡಿಕೊಂಡು, ನಾಯಿಯ ಹಿಂಗಾಲು ಹಿಡಿದು ಮಡಿಸುವುದು, ಚಾಚಿಸುವುದು. ಬೆಳಿಗ್ಗೆ ಹತ್ತು ಸಲ, ಸಂಜೆ ಹತ್ತು ಸಲ. ಬಲಗಾಲಿಗೆ ನಾಯಿ ಸುಮ್ಮನಿರುತ್ತಿತ್ತು. ಎಡಗಾಲು ಮುಟ್ಟಿದರೆ ಕೂಗುತ್ತಿತ್ತು. ಅದು ಬೊಗಳುವುದಲ್ಲ, ನರಳುವುದಲ್ಲ. ಮನುಷ್ಯರು ಕೂಗಿದಂತೆ ಕೂಗುತ್ತಿತ್ತು. ಆದರೂ ಅತ್ತೆಯ ಕೈ ಕಚ್ಚಲಿಲ್ಲ. ಡಾಕ್ಟರಮ್ಮನಿಗೆ ಹಲ್ಲು ತೋರಿಸಿದ ನಾಯಿ ಇವರ ಕೈಗೆ ತುಟಿಯನ್ನೂ ಎತ್ತಲಿಲ್ಲ.

ಆ ಹೊತ್ತಿಗೆ ಸರಿಯಾಗಿ ನನಗೆ ಕೊತ್ತಂಬರಿ ಸೊಪ್ಪಿನ ನೆನಪಾಗಿ ಪೇಟೆಗೆ ಹೊರಡುತ್ತಿದ್ದೆ. ಬೆಳಿಗ್ಗೆ ಒಂದು ಕಟ್ಟು, ಸಂಜೆ ಒಂದು ಕಟ್ಟು. ಐದು ದಿನಕ್ಕೆ ಫ್ರಿಜ್ಜಿನಲ್ಲಿ ಕೊತ್ತಂಬರಿ ಬಿಟ್ಟು ಬೇರೇನೂ ಇಡಲು ಜಾಗವಿರಲಿಲ್ಲ. ‘ನಿಮಗೇನಾಗಿದೆ?’ ಎಂದು ಹೆಂಡತಿ ಕೇಳಿದಳು. ಚಟ್ನಿ ಮಾಡು ಎಂದೆ.

ಆರನೇ ದಿನ ಸಂಜೆ ಕೊತ್ತಂಬರಿಯವನು ಬಂದಿರಲಿಲ್ಲ. ನಾನು ಬೇಗ ವಾಪಸ್ಸಾದೆ. ಬಾಗಿಲಲ್ಲಿ ಚಪ್ಪಲಿ ಬಿಡುವಾಗ ನಾಯಿಯ ಕೂಗು ಕೇಳಿಸಿತು. ಒಳಗೆ ಇಣುಕಿದೆ. ಅತ್ತೆ ಎಡಗಾಲನ್ನು ಚಾಚಿಸುತ್ತಿದ್ದರು. ಅವರ ಕಣ್ಣಿನಿಂದ ನೀರು ಇಳಿಯುತ್ತಿತ್ತು, ಒರೆಸಿಕೊಳ್ಳಲು ಎರಡು ಕೈಯೂ ಬಿಡುವಿರಲಿಲ್ಲ. ‘ತಡ್ಕಳೋ ಕಂದ, ತಡ್ಕ. ನನ್ನಿಂದ ಬಿದ್ದೆ, ನಾನೇ ಎಬ್ಬುಸ್ತೀನಿ. ಇನ್ನೆಲ್ಡೇ ಸಲ ಕಣೋ’ ಎನ್ನುತ್ತಿದ್ದರು.

ನಾನು ಒಳಗೆ ಹೋಗಿ ಚಂದ್ರಿಕೆಯನ್ನು ಪಕ್ಕಕ್ಕೆ ತಳ್ಳಿದೆ. ‘ಬಿಡಿ ಅತ್ತೆ. ಕಾಲು ಬಿಡಿ. ಅದು ನಿಮ್ಮ ಮಂಚದಿಂದ ಬಿದ್ದಿದ್ದಲ್ಲ’ ಎಂದೆ. ಒಂದು ಸಲ ಬಾಯಿ ತೆರೆದ ಮೇಲೆ ಎಲ್ಲವೂ ಬಂತು. ಬಿಸ್ಕತ್ತು, ಐದನೇ ಮೆಟ್ಟಿಲು, ಕುರಿಮರಿ, ಅದು ಒಂದು ಹೆಜ್ಜೆ ಹಿಂದಕ್ಕೆ ಇಟ್ಟಿದ್ದು, ದಿವಾನದ ಅಂಚಿಗೆ ಸೊಂಟ ಬಡಿದಿದ್ದು. ಅಡುಗೆಮನೆಯ ಬಾಗಿಲಲ್ಲಿ ಹೆಂಡತಿ ಸೌಟು ಹಿಡಿದುಕೊಂಡು ನಿಂತು ಕೇಳಿದಳು.

ಅತ್ತೆ ಕಾಲನ್ನು ಮೆಲ್ಲಗೆ ಕೆಳಗಿಟ್ಟರು. ‘ಬಡೀತು ಅಂತ ಡಾಕ್ಟ್ರಮ್ಮಂಗೆ ಯೋಳಿದ್ರಾ?’

‘ಇಲ್ಲ.’

ಹೆಂಡತಿ ಡಾಕ್ಟರಮ್ಮನಿಗೆ ಫೋನ್ ಮಾಡಿ ನನ್ನ ಕಿವಿಗೆ ಹಿಡಿದಳು. ನಾನು ಇನ್ನೊಂದು ಸಲ ಎಲ್ಲ ಹೇಳಿದೆ. ಡಾಕ್ಟರಮ್ಮ, ‘ಆ ಕಾಲನ್ನು ಇನ್ನು ಯಾರೂ ಮುಟ್ಟಬೇಡಿ. ನಾಳೆ ಬೆಳಿಗ್ಗೆ ಮೈಸೂರಿಗೆ ಹೋಗಿ ಎಕ್ಸ್‌ರೇ ತೆಗೆಸಿ. ನೀವು ಹುಳ ಸಾಕೋರಿಗೆ ಪಾಠ ಮಾಡ್ತಿದ್ರಿ ಅಲ್ವಾ? ರೋಗ ಮುಚ್ಚಿಟ್ಟರೆ ಏನಾಗುತ್ತೆ ಅಂತ ಅವರಿಗೆ ಏನು ಹೇಳ್ತಿದ್ರಿ?’ ಎಂದರು. ಏನು ಹೇಳುತ್ತಿದ್ದೆನೋ ಅದು ನನಗೆ ಬಾಯಿಪಾಠ ಬರುತ್ತಿತ್ತು.

ಎಕ್ಸ್‌ರೇಯಲ್ಲಿ ಬೆನ್ನು ಚೆನ್ನಾಗಿಯೇ ಇತ್ತು. ಎಡಗಡೆ ಸೊಂಟದ ಮೂಳೆಯಲ್ಲಿ ಸೀಳು. ತಾನಾಗಿ ಕೂಡಿಕೊಳ್ಳಲು ಶುರುವಾಗಿದ್ದ ಸೀಳು ವ್ಯಾಯಾಮದಿಂದ ಮತ್ತೆ ಬಿಟ್ಟುಕೊಂಡಿದೆ ಎಂದರು ಅಲ್ಲಿನ ಡಾಕ್ಟರು. ಇನ್ನೂ ಆರು ವಾರ ಅಲ್ಲಾಡಬಾರದು. ಆಮೇಲೂ ನಡೆಯುತ್ತದೆ ಎಂದು ಬರೆದುಕೊಡಲಾಗುವುದಿಲ್ಲ, ನೋಡೋಣ.

ಆ ಆರು ವಾರ ನಮ್ಮ ಮನೆಯಲ್ಲಿ ಕೂಡಿಹಾಕಿದ್ದು ಇಬ್ಬರನ್ನು. ನಾಯಿ ಬೇಲಿಯ ಒಳಗೆ, ನಾನು ಹೊರಗೆ. ವಾಪಸ್ಸು ಬಂದ ದಿನವೇ ಹನ್ನೆರಡು ಇಟ್ಟಿಗೆಗಳನ್ನು ನಾನೊಬ್ಬನೇ ಮಂಚದ ಕಾಲಿಗೆ ಕೊಟ್ಟೆ. ಅತ್ತೆ ನನ್ನ ಜೊತೆ ಮಾತು ಬಿಟ್ಟರು. ಏನಾದರೂ ಹೇಳಬೇಕಾದರೆ ನಾಯಿಗೆ ಹೇಳುತ್ತಿದ್ದರು. ‘ಮುದ್ದೆ ಆರ್ತಾದೆ ಅಂತ ಯೋಳು ಕಂದ.’ ‘ನಲ್ಲಿ ನೀರು ಬುಟ್ಟವ್ರಂತೆ, ಯಾರಾರಾ ಓಗಿ ಇಡೀಬೋದು.’ ಹೆಂಡತಿ ಮಾತು ಬಿಡಲಿಲ್ಲ. ಬಿಟ್ಟಿದ್ದರೆ ಚೆನ್ನಾಗಿತ್ತು. ಮೆಟ್ಟಿಲಿಗೆ ಕಂಬಿಯನ್ನೂ ಕೆಳಗೊಂದು ಗೇಟನ್ನೂ ಹಾಕಿಸಿದೆ. ದಿವಾನದ ಅಂಚಿಗೆ ಹಳೆಯ ಸೈಕಲ್ ಟ್ಯೂಬು ಸೀಳಿ ಸುತ್ತಲೂ ಮೊಳೆ ಹೊಡೆದೆ. ಮಂಚಕ್ಕೆ ಅಗಲವಾದ ಇಳಿಜಾರು ಹಲಗೆ ಮಾಡಿ, ಜಾರದಂತೆ ಗೋಣಿ ಬಡಿದು, ಪಕ್ಕಕ್ಕೆ ಬೀಳದಂತೆ ಅಂಚು ಕೊಟ್ಟೆ. ಬಡಗಿಯನ್ನು ಕರೆಯಲಿಲ್ಲ. ಹೆಬ್ಬೆರಳಿನ ಮೇಲೆ ಎರಡು ಸಲ ಸುತ್ತಿಗೆ ಬಿತ್ತು, ಅದಕ್ಕೂ ಯಾರೂ ಅಯ್ಯೋ ಎನ್ನಲಿಲ್ಲ.

ಆರು ವಾರ ತುಂಬಿದ ದಿನ ಭಾನುವಾರ. ಡಾಕ್ಟರಮ್ಮ ಫೋನಿನಲ್ಲಿ, ಬಿಟ್ಟು ನೋಡಿ ಎಂದರು. ಚಂದ್ರಿಕೆಗಳನ್ನು ತೆಗೆದೆವು. ನಾಯಿ ಸ್ವಲ್ಪ ಹೊತ್ತು ಬೇಲಿ ಇದ್ದ ಜಾಗದ ಈಚೆ ಬರಲಿಲ್ಲ. ಆಮೇಲೆ ಎದ್ದಿತು. ಎಡಗಾಲು ನೆಲಕ್ಕೆ ಇಟ್ಟಿತು, ಎತ್ತಿತು, ಮತ್ತೆ ಇಟ್ಟಿತು. ಸೊಂಟ ಒಂದು ಕಡೆಗೆ ವಾಲುತ್ತಿತ್ತು. ಆದರೂ ನಾಲ್ಕು ಕಾಲಿನ ಮೇಲೆ ಗೋಣಿಯುದ್ದಕ್ಕೂ ನಡೆದುಕೊಂಡು ಬಂತು. ಹೆಂಡತಿ ಅಳುತ್ತಾ ನಗುತ್ತಿದ್ದಳು. ಅದು ಮೊದಲು ಬಂದಿದ್ದು ನನ್ನ ಹತ್ತಿರ. ನನ್ನ ಪಾದ ಮೂಸಿ, ಬಾಲ ಅಲ್ಲಾಡಿಸಿತು. ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ನನಗೆ ಅಳು ಬಂತು, ಅತ್ತೆಯ ಎದುರಿಗೇ ಅತ್ತೆ. ಆಮೇಲೆ ಅದು ಅತ್ತೆಯ ಕೋಣೆಗೆ ಹೋಯಿತು.

ಸ್ವಲ್ಪ ಹೊತ್ತು ಬಿಟ್ಟು ನಾನೂ ಹೋದೆ. ಅತ್ತೆ ಮಂಚದ ಮೇಲೆ ಕೂತಿದ್ದರು, ನಾಯಿ ಹಲಗೆ ಹತ್ತಿ ಪಕ್ಕದಲ್ಲಿ ಮಲಗಿತ್ತು. ಒಂದು ಸಂಗತಿ ನನ್ನಿಂದ ಇನ್ನೂ ಬಾಕಿ ಇತ್ತು. ಅವತ್ತು ನಾನು ನಡೆದದ್ದನ್ನು ಹೇಳಿದ್ದೆ, ಕ್ಷಮೆ ಕೇಳಿರಲಿಲ್ಲ. ನಮ್ಮ ಕಡೆ ಅಳಿಯನಾದವನು ಅತ್ತೆಯ ಹತ್ತಿರ ಅಂಥ ಮಾತಾಡುವ ರೂಢಿಯಿಲ್ಲ. ರೂಢಿಯ ಹಿಂದೆ ಅವಿತುಕೊಂಡು ಆರು ವಾರ ಕಳೆದಿದ್ದೆ.

‘ತಪ್ಪಾಯ್ತು ಅತ್ತೆ’ ಎಂದೆ.

ಅವರು ನಾಯಿಯ ತಲೆ ಸವರುತ್ತಲೇ ಇದ್ದರು. ಆಗ ನೋಡಿದೆ, ಸವರುತ್ತಿದ್ದದ್ದು ಎಡಗೈಯಲ್ಲಿ. ಬಲಗೈಯನ್ನು ಮಡಿಲಲ್ಲಿ ಸೆರಗಿನ ಕೆಳಗೆ ಇಟ್ಟುಕೊಂಡಿದ್ದರು. ‘ಬಲಗೈ ನೋಯ್ತಾ ಇದೆಯಾ?’ ಎಂದು ಕೇಳಿದೆ.

ಅತ್ತೆ ಆರು ವಾರದಲ್ಲಿ ಮೊದಲ ಸಲ ನನ್ನ ಮುಖ ನೋಡಿ ಮಾತಾಡಿದರು. ‘ನನ್ಗೆ ತಪ್ಪಾಯ್ತು ಅಂತ ಯೋಳಿದ್ರಿ, ಆಯ್ತು. ಆರ್ ದಿನ ಈ ಕೈಲೇ ಅದ್ರ ಮುರ್ದ ಮೂಳೆ ಇಂಡಿವ್ನಿ. ಅದು ಕೂಗ್ಕತಿತ್ತು, ನಾನು ಬುಡ್ನಿಲ್ಲ. ಈ ಕೈಗೆ ಏನ್ ಯೋಳ್ಳಿ, ಅಳಿಮಯ್ಯ?’

ನಾನು ಮಂಚದ ಹತ್ತಿರ ನೆಲದ ಮೇಲೆ ಕೂತುಕೊಂಡೆ. ನಾಯಿ ಎದ್ದು, ಅವರ ಮಡಿಲಿನ ಸೆರಗನ್ನು ಮೂತಿಯಿಂದ ಸರಿಸಿ ಆ ಬಲಗೈಯನ್ನು ನೆಕ್ಕಲು ಹೋಯಿತು. ಅತ್ತೆ ಕೈಯನ್ನು ಬೆನ್ನ ಹಿಂದಕ್ಕೆ ಇಟ್ಟುಕೊಂಡರು.